ಚಂದ್ರಲೋಕದಲ್ಲಿ ಉಂಡು ಬಂದ ವರ

ಅಂಗಡಿಯಿಂದ ಬಂದ ಪೊಟ್ಟಣ ಬಿಚ್ಚಿ, ಒಳಗಿನದನ್ನು ಡಬ್ಬಿಗೆ ಸುರಿದು, ಕಾಗದವನ್ನು ಓದದೆ ಎಸೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮೊನ್ನೆ ಸೊಸೆ ಸಾಸಿವೆಯ ಪೊಟ್ಟಣ ಬಿಚ್ಚಿ ಕಾಗದ ಮುದುಡಿ ಒಲೆಗೆ ಹಾಕಲು ಹೊರಟಿದ್ದಳು. ಕೈಯಿಂದ ಕಸಿದುಕೊಂಡು, ತೊಡೆಯ ಮೇಲಿಟ್ಟು, ಅಂಗೈಯಿಂದ ತೀಡಿ ನೆಟ್ಟಗೆ ಮಾಡಿ ಓದಿದೆ. ಯಾರೋ ಮಹನೀಯರಿಗೆ ಬಹುಕಾಲದ ಮೂಲವ್ಯಾಧಿ ವಾಸಿಯಾದ ಸಂತೋಷದ ವಾರ್ತೆ. ಔಷಧ ಯಾವುದು ಎನ್ನುವಲ್ಲಿಗೆ ಸರಿಯಾಗಿ ಕಾಗದ ಹರಿದಿತ್ತು. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗಲಿ ಪಾಪ. ಸಾಸಿವೆ, ಜೀರಿಗೆ, ಮೆಂತೆಯ ಪೊಟ್ಟಣಗಳ ಮೇಲೆ ಅವಳ ಅತ್ತೆ ಎಲ್ಲೆಲ್ಲಿಗೆ ಹೋಗಿ ಬಂದಿದ್ದಾಳೆಂದು ಅವಳಿಗೇನು ಗೊತ್ತು.

ನಾನು ಹುಟ್ಟಿ ಬೆಳೆದದ್ದು ಶಿರಸಿ ಪೇಟೆಯಲ್ಲಿ. ಕೋರ್ಟಿನ ಹತ್ತಿರ ಅಪ್ಪಯ್ಯನದೊಂದು ಖಾನಾವಳಿ ಇತ್ತು. ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ದಾವೆ ಹೂಡಲು ಬಂದವರು, ದಾವೆ ಸೋತವರು, ಗೆದ್ದೂ ಮುಖ ಸಪ್ಪಗೆ ಮಾಡಿಕೊಂಡವರು ಎಲ್ಲರೂ ನಮ್ಮಲ್ಲೇ ಉಣ್ಣುತ್ತಿದ್ದರು. ವಾದಿ, ಪ್ರತಿವಾದಿ ಇಬ್ಬರೂ ಅಕ್ಕಪಕ್ಕ ಕುಳಿತು ಒಂದೇ ಪಾತ್ರೆಯ ಸಾರು ಬಡಿಸಿಕೊಂಡು ಸೊರ್ರೆಂದು ಸುರಿಯುವುದನ್ನು ಬೇಕಾದಷ್ಟು ಸಲ ಕಂಡಿದ್ದೇನೆ. ಆದರೆ ಅಡಿಗೆ ಮಾಡಿದವರು ಯಾರು, ಮಡಿ ಉಟ್ಟಿದ್ದರೋ ಇಲ್ಲವೋ, ಪಂಕ್ತಿಯ ತುದಿಯಲ್ಲಿ ಕುಳಿತವನು ಎಲ್ಲಿಯವನು, ಇಷ್ಟು ವಿಚಾರಣೆ ಮುಗಿಯದೆ ಒಬ್ಬರೂ ತುತ್ತು ಎತ್ತುತ್ತಿರಲಿಲ್ಲ. ಕೋರ್ಟಿನಲ್ಲಿ ಸುಳ್ಳುಸಾಕ್ಷಿ ಹೇಳಿ ನೇರ ಬಂದವರೂ ಈ ವಿಷಯದಲ್ಲಿ ಮಾತ್ರ ಬಲು ಕಟ್ಟುನಿಟ್ಟು. ನಮ್ಮ ಮನೆಯ ಅನ್ನ ಈ ಕಟ್ಟುನಿಟ್ಟಿನ ಮೇಲೇ ನಿಂತಿತ್ತು. ಅಮ್ಮ ತೀರಿಕೊಂಡಿದ್ದಳು. ಅಡಿಗೆಮನೆಯಲ್ಲಿ ಇದ್ದವರು ನಾನು ಮತ್ತು ಅಪ್ಪಯ್ಯನ ಅಕ್ಕ, ನನ್ನ ಸೋದರತ್ತೆ. ಅತ್ತೆಯ ಮಡಿ ಎಷ್ಟು ಜೋರೆಂದರೆ ಬೆಕ್ಕೂ ಅವಳಿಂದ ಮಾರು ದೂರ ಬಳಸಿಕೊಂಡು ಹೋಗುತ್ತಿತ್ತು.

ಕನ್ನಡ ಶಾಲೆ ಮುಗಿದ ಮೇಲೆ ನನ್ನ ಓದನ್ನು ನಿಲ್ಲಿಸಿದ್ದರು. ಓದುವ ಚಟ ನಿಲ್ಲಬೇಕಲ್ಲ! ಓಣಿಯ ತುದಿಯ ಕಿರಾಣಿ ಅಂಗಡಿಯಿಂದ ತಂದ ಮೆಂತೆಯ ಪೊಟ್ಟಣವನ್ನು ಒಂದು ದಿನ ಬಿಚ್ಚಿದರೆ ಕಾಗದದ ಮೇಲೆ ಹೀಗಿತ್ತು: ಮೂರು ಕಣ್ಣಿನ ಮುದುಕನೊಬ್ಬನು ನನ್ನ ಕೈ ಹಿಡಿದು ಸಮುದ್ರದ ತಳಕ್ಕೆ ಇಳಿಸಿದನು, ಅಲ್ಲಿ ಒಂದು ಕಚೇರಿ ಇತ್ತು. ಅಷ್ಟಕ್ಕೇ ಮುಗಿಯಿತು. ಸಮುದ್ರದ ತಳದಲ್ಲಿ ಕಚೇರಿ ಯಾಕೆ? ಕಾರಕೂನ ಯಾರು? ಶಾಯಿ ನೀರಿನಲ್ಲಿ ಕದಡಿ ಹೋಗುವುದಿಲ್ಲವೆ? ಆ ದಿನ ಸಾರಿಗೆ ಉಪ್ಪು ಹಾಕಿದೆನೋ ಬಿಟ್ಟೆನೋ ನೆನಪಿಲ್ಲ. ಸಂಜೆಗೇ ಮತ್ತೆ ಅಂಗಡಿಗೆ ಓಡಿ, ಜೀರಿಗೆ ಬೇಕು ಎಂದೆ. ಜೀರಿಗೆ ಬೇಕಾಗಿರಲಿಲ್ಲ, ಕಾಗದ ಬೇಕಾಗಿತ್ತು. ಅಲ್ಲಿಂದ ಮುಂದೆ ನಮ್ಮ ಮನೆಗೆ ಯಾವ ಸಾಮಾನೂ ಒಟ್ಟಿಗೆ ಬರಲಿಲ್ಲ. ಚೂರುಚೂರಾಗಿ ತರುತ್ತಿದ್ದೆ. ಆ ವರ್ಷ ನಮ್ಮ ಖಾನಾವಳಿಯ ಪಲ್ಯಗಳಿಗೆಲ್ಲ ಜೀರಿಗೆ ಕಂಡಾಬಟ್ಟೆ ಬಿದ್ದದ್ದು ಸಾಹಿತ್ಯದ ದೆಸೆಯಿಂದ.

ಕತೆಯ ಕೊನೆ ಮೆಂತೆಯಲ್ಲಿ ಬಂದರೆ ಮೊದಲು ಕೊತ್ತಂಬರಿಯಲ್ಲಿ ಬರುವುದು. ನಡುವಿನದು ಬೇರೆ ಯಾರದೋ ಮನೆಗೆ ಮೆಣಸಿನ ಸಂಗಡ ಹೋಗಿಬಿಡುವುದು. ಆ ನಡುವಿನದನ್ನು ನಾನೇ ಒಲೆಯ ಮುಂದೆ ಕುಳಿತು ಕಟ್ಟಿಕೊಳ್ಳುತ್ತಿದ್ದೆ. ಮುಂದೆ ಅಚ್ಚಾದ ನಡುಭಾಗಗಳನ್ನು ಓದುವ ಯೋಗ ಬಂದಾಗ ಹೋಲಿಸಿ ನೋಡಿದ್ದೇನೆ. ನನ್ನವೇ ಚೆನ್ನಾಗಿದ್ದವು. ಇದನ್ನು ಹೇಳಬೇಕಾದವರಿಗೆ ಹೇಳಿಯೂ ಆಗಿದೆ.

ಮಾರದೆ ಉಳಿದು ರದ್ದಿಯಾಗಿ ಅಂಗಡಿ ಸೇರುತ್ತಿದ್ದ ಆ ಪತ್ರಿಕೆಯ ಹೆಸರು 'ಆಚೆಲೋಕ'. ಅಚ್ಚಾಗುತ್ತಿದ್ದದ್ದು ನಮ್ಮ ಪೇಟೆಯ ಕರೀಂ ಸಾಹೇಬರ ಪ್ರೆಸ್ಸಿನಲ್ಲಿ. ಸಂಪಾದಕರು ಸೋಂದೆಯ ಕಡೆಯ ಒಬ್ಬ ತರುಣ. ಮ್ಯಾಟ್ರಿಕ್ ಮುಗಿಸಿ ಬೊಂಬಾಯಿಗೆ ನೌಕರಿ ಹುಡುಕಿಕೊಂಡು ಹೋಗಿ, ನೌಕರಿಯ ಬದಲು ಹಳೇ ಅಮೇರಿಕದ ಮಾಸಪತ್ರಿಕೆಗಳ ಒಂದು ಹೊರೆ ಹೊತ್ತುಕೊಂಡು ಮರಳಿದ್ದರು. ಹಲ್ಲಿಯ ಮುಖದವರು ಅರೆಬಟ್ಟೆಯ ಹೆಂಗಸರನ್ನು ಎತ್ತಿಕೊಂಡು ನಕ್ಷತ್ರಗಳ ನಡುವೆ ಓಡುವ ಚಿತ್ರ ಅವುಗಳ ರಟ್ಟಿನ ಮೇಲೆ. ಇಂಥದೊಂದು ಕನ್ನಡದಲ್ಲಿ ಇಲ್ಲವಲ್ಲ ಎಂದು ಅವರಿಗೆ ಕರುಳು ಚುರ್ರೆಂದಿತಂತೆ. ಕರನಿರಾಕರಣೆಯಲ್ಲಿ ಜೈಲಿಗೆ ಹೋದವರು ಆಗಷ್ಟೇ ಮನೆಗೆ ಬರುತ್ತಿದ್ದ ಕಾಲ. ಎಲ್ಲರೂ ಸ್ವರಾಜ್ಯದ ಚಿಂತೆಯಲ್ಲಿದ್ದಾಗ ಇವರೊಬ್ಬರು ಮಂಗಳಗ್ರಹದ ಚಿಂತೆಯಲ್ಲಿದ್ದರು. ಒಮ್ಮೆ ಫೌಜದಾರ ಪ್ರೆಸ್ಸಿಗೆ ಬಂದು, ಈ ಮಂಗಳಗ್ರಹ ಎಂದರೆ ಯಾವ ಊರಿನ ಗುಪ್ತನಾಮ ಎಂದು ಗದರಿಸಿ ಕೇಳಿ, ಒಂದು ಪ್ರತಿ ಒಯ್ದು, ಮುಂದಿನ ಸಂಚಿಕೆ ಯಾವಾಗ ಬರುತ್ತದೆಂದು ತಾನೇ ವಿಚಾರಿಸಿ ಹೋದನಂತೆ. ಪತ್ರಿಕೆಗೆ ಬರೆಯುವವರು ಬಹಳ ಮಂದಿ ಇದ್ದಂತೆ ಕಾಣುತ್ತಿತ್ತು. ಭೂತದ ಕತೆಗೆ ಒಂದು ಹೆಸರು, ಯಂತ್ರದ ಕತೆಗೆ ಇನ್ನೊಂದು, ಪಾತಾಳದ ಕತೆಗೆ ಒಬ್ಬ ಶ್ರೀಮತಿಯ ಹೆಸರು. ಎಲ್ಲವನ್ನೂ ಬರೆಯುತ್ತಿದ್ದವರು ಸಂಪಾದಕರೇ.

ಮಾಸಪತ್ರಿಕೆ ಎಂದು ಮುಖಪುಟದ ಮೇಲೆ ಇರುತ್ತಿತ್ತು. ಆದರೆ ಸಾಹೇಬರ ಪ್ರೆಸ್ಸಿಗೆ ಅನ್ನ ಕೊಡುತ್ತಿದ್ದದ್ದು ಲಗ್ನಪತ್ರಿಕೆ. ಮದುವೆಯ ದಿನಗಳಲ್ಲಿ ಅಚ್ಚಿನ ಮೊಳೆಗೂ ಬಿಡುವಿಲ್ಲ, ಮಷಿನ್ನಿಗೂ ಬಿಡುವಿಲ್ಲ. ಹಾಗಾಗಿ 'ಆಚೆಲೋಕ' ಹೊರಗೆ ಬರುತ್ತಿದ್ದದ್ದು ಆಷಾಢದಂಥ ಮುಹೂರ್ತವಿಲ್ಲದ ತಿಂಗಳಲ್ಲಿ ಮಾತ್ರ. ಇನ್ನು ಚಿತ್ರಗಳು. ಪ್ರೆಸ್ಸಿನಲ್ಲಿ ಇದ್ದ ಬ್ಲಾಕುಗಳು ನಾಲ್ಕೇ: ಒಂದು ಗಣಪತಿ, ಒಂದು ಕಲಶ, ಒಂದು ಜೋಡಿ ದೀಪ, ಮತ್ತು ಸಾಹೇಬರ ಅಣ್ಣತಮ್ಮಂದಿರ ಸರ್ವಿಸ್ ಮೋಟಾರಿನ ಟಿಕೀಟಿಗೆಂದು ಮಾಡಿಸಿದ ಬಸ್ಸಿನ ಚಿತ್ರ. ಯಾವ ಕತೆಗಾದರೂ ಇವುಗಳಲ್ಲೇ ಒಂದನ್ನು ಹಾಕಬೇಕು. ರಕ್ತ ಹೀರುವ ಬೇತಾಳನ ಕತೆಯ ನೆತ್ತಿಯ ಮೇಲೆ ಜೋಡಿ ದೀಪ ಉರಿಯುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೀಗಿರುವಾಗ ನನಗೆ ಒಂದು ವರ ಬಂತು. ತಂದವರು ನಮ್ಮ ಮನೆಯ ಪುರೋಹಿತರಾದ ಬಿಳಗಿ ಭಟ್ಟರು. ವಯಸ್ಸಾದವರು, ನಗುವವರಲ್ಲ. ನನಗೆ ಹದಿನೆಂಟು ದಾಟಿತ್ತು. ಆ ಕಾಲಕ್ಕೆ ಅದು ಮುದಿ ವಯಸ್ಸೇ, ಅತ್ತೆ ನನ್ನನ್ನು ಕಂಡಾಗಲೆಲ್ಲ ನಿಟ್ಟುಸಿರು ಬಿಡುತ್ತಿದ್ದಳು. ಭಟ್ಟರು ಹುಡುಗನ ಜಾತಕ ಮಡಿಚುತ್ತ, "ಮಾಣಿಗೆ ಚಂದ್ರಬಲ ಭಾರೀ ಚೊಲೋ ಇದ್ದು" ಎಂದರು. ಅಪ್ಪಯ್ಯನಿಗೆ ಗಂಡುಮಕ್ಕಳಿಲ್ಲ. ಅಳಿಯ ಮನೆಯಲ್ಲೇ ಇದ್ದು ಖಾನಾವಳಿ ನೋಡಿಕೊಳ್ಳಬೇಕೆಂದು ಮಾತಾಯಿತು. ಅತ್ತೆ ಒಳಗೆ ಬಂದು, "ಎಂತದೋ ಪೇಪರು ಮಾಡ್ತ ಅಡ, ಆಚೆಲೋಕ ಹೇಳಿ" ಎಂದಾಗ ನನ್ನ ಕೈಯಲ್ಲಿದ್ದ ಸೌಟು ಸಾಂಬಾರಿನಲ್ಲಿ ಮುಳುಗಿತು. ನನಗಾದ ಸಂತೋಷವನ್ನು ಈಗಲೂ ಮುಚ್ಚಿಡುವುದಿಲ್ಲ. ಅವರ ಮುಖ ನೋಡಿರಲಿಲ್ಲ. ಮೂರು ಕಣ್ಣಿನ ಮುದುಕನ ಮುಂದಿನ ಕತೆ ಗೊತ್ತಿರುವ ಒಬ್ಬನೇ ಮನುಷ್ಯ ಅವರಾಗಿದ್ದರು, ನನಗೆ ಅಷ್ಟು ಸಾಕಾಗಿತ್ತು.

ಆ ಆಷಾಢದ ಸಂಚಿಕೆಯಲ್ಲಿ ಸಂಪಾದಕರು ಚಂದ್ರಲೋಕದ ಕತೆ ಬರೆದರು. ಚೆನ್ನಾಗಿ ಬಂದಿತ್ತಂತೆ. ಹಾಗಾಗಿ ಶ್ರೀಮತಿಗೂ ಕೊಡದೆ, ಬೇರೆ ಯಾರಿಗೂ ಕೊಡದೆ, ಊರಿನ ಸಮೇತ ಸ್ವಂತ ಹೆಸರು ಹಾಕಿಕೊಂಡರು. ಕತೆಯಲ್ಲಿ 'ನಾನು' ಎನ್ನುವವನು ಅಡಿಕೆ ಬೇಯಿಸುವ ತಾಮ್ರದ ಹಂಡೆಗೆ ಬೆಸುಗೆ ಹಾಕಿಸಿ, ಮೋಟಾರಿನ ಇಂಜಿನು ಕೂರಿಸಿ, ಹೊನ್ನೆ ಎಣ್ಣೆ ಉರಿಸಿ, ನಿಲ್ಕುಂದದ ಗುಡ್ಡದ ನೆತ್ತಿಯಿಂದ ಹಾರುತ್ತಾನೆ. ಚಂದ್ರಲೋಕಕ್ಕೆ ಇಳಿದಾಗ ಅವನಿಗೆ ವಿಪರೀತ ಹಸಿವು. ಅಲ್ಲಿಯ ಒಬ್ಬ ಹೆಂಗಸು ಬಡಿಸುತ್ತಾಳೆ, ಇವನು ಹೊಟ್ಟೆ ತುಂಬ ಉಣ್ಣುತ್ತಾನೆ. ಹೆಂಗಸಿನ ಕಣ್ಣಿನ ಬಗ್ಗೆಯೂ ಎರಡು ಸಾಲು ಹೆಚ್ಚೇ ಇತ್ತು, ಇರಲಿ. ಕತೆಯ ಮೇಲೆ ಸಾಹೇಬರು ಬಸ್ಸಿನ ಬ್ಲಾಕು ಹಾಕಿದ್ದರು.

ಒಂದು ಪ್ರತಿ ಯಾರದೋ ಕೈಯಲ್ಲಿ ನಮ್ಮ ಖಾನಾವಳಿಗೆ ಬಂತು. ಅನ್ನ ಬಡಿಸಿಯಾಗಿತ್ತು. ಸಿದ್ದಾಪುರದ ಕಡೆಯ ಹೆಗಡೆಯೊಬ್ಬರು ಸಾರು ಬರುವವರೆಗೆ ಸುಮ್ಮನೆ ಯಾಕೆಂದು ಗಟ್ಟಿಯಾಗಿ ಓದತೊಡಗಿದರು. ಹೆಸರಿನ ಹತ್ತಿರ ಬಂದು, "ಓ, ಇಂವ ನಿಮ್ಮ ಅಳಿಯ ಅಪ್ಪವ ಅಲ್ದ?" ಎಂದು ಅಪ್ಪಯ್ಯನ ಮುಖ ನೋಡಿದರು. ಉಂಡೆನು ಎನ್ನುವ ಸಾಲು ಬಂದಾಗ ಪಂಕ್ತಿಯಲ್ಲಿ ಒಂದೊಂದೇ ಕೈ ನಿಂತಿತು.

ನಮ್ಮ ಜನ ದಡ್ಡರು ಎಂದು ನೀವು ತಿಳಿಯಬಾರದು. ಹಂಡೆ ಹಾರಿತೆಂದು ಒಬ್ಬನೂ ನಂಬಲಿಲ್ಲ. ಆದರೆ ನಮ್ಮ ಪೇಟೆಯಲ್ಲಿ ಅಚ್ಚಾಗುತ್ತಿದ್ದದ್ದು ಏನು? ಲಗ್ನಪತ್ರಿಕೆ, ಮೋಟಾರಿನ ವೇಳೆ, ಹರಾಜು ಸಾರುವ ಲಿಲಾವಿನ ನೋಟೀಸು. ಸಾಹೇಬರ ಪ್ರೆಸ್ಸಿನಲ್ಲಿ ಅಚ್ಚಾದ ಮದುವೆ ತಪ್ಪಿರಲಿಲ್ಲ, ಅಚ್ಚಾದ ಲಿಲಾವು ನಿಂತಿರಲಿಲ್ಲ. ಅದೇ ಮೊಳೆಯಲ್ಲಿ, ಅದೇ ಮೋಟಾರಿನ ಚಿತ್ರದ ಕೆಳಗೆ ಒಬ್ಬ ಮನುಷ್ಯ ಊರು ಹೆಸರು ಹಾಕಿ, ಕಂಡವರ ಮನೆಯಲ್ಲಿ ಉಂಡೆ ಎಂದು ಸಾರಿದ್ದಾನೆ. ಹೋದನೋ ಇಲ್ಲವೋ ಬೇರೆ ಮಾತು, ಉಂಡೆ ಎಂದು ಒಪ್ಪಿಕೊಂಡನಲ್ಲ! ನಾಳೆ ಅವನೇ ಇಲ್ಲಿ ಸೌಟು ಹಿಡಿದು ಬಡಿಸುವವನು. ಮರುದಿನ ಪಂಕ್ತಿ ಅರ್ಧ ಖಾಲಿ. ಅದರ ಮರುದಿನ ಅಪ್ಪಯ್ಯ ಮಿಕ್ಕ ಅನ್ನವನ್ನು ದನಗಳಿಗೆ ಹಾಕಿಸಿ ಕಂಬಕ್ಕೆ ಒರಗಿ ಕುಳಿತ. ನನ್ನನ್ನು ಕರೆದು, "ತಂಗಿ, ಈ ಸಂಬಂಧ ಬಿಡೂದೇ ಚೊಲೋ ಕಾಣ್ತು" ಎಂದ. ಖಾನಾವಳಿ ಮುಚ್ಚಿದರೆ ನಮಗೆ ಬೇರೆ ಆಧಾರವಿರಲಿಲ್ಲ. ಗೊತ್ತಿದ್ದೂ ನಾನು ಅಡಿಗೆಮನೆಯ ಮೂಲೆಗೆ ಹೋಗಿ ಬಿಕ್ಕಿಬಿಕ್ಕಿ ಅತ್ತೆ. ಅಳುವಿಗೆ ಈರುಳ್ಳಿ ಕಾರಣ ಎನ್ನೋಣವೆಂದರೆ ಅತ್ತೆಯ ಅಡಿಗೆಮನೆಯಲ್ಲಿ ಈರುಳ್ಳಿಗೆ ಪ್ರವೇಶವಿರಲಿಲ್ಲ.

ಸಂಬಂಧ ಮುರಿಯುವ ಮೊದಲು ವಿಚಾರಣೆಯಾಗಲಿ ಎಂದರು ಬಿಳಗಿ ಭಟ್ಟರು. ಒಂದು ಮಧ್ಯಾಹ್ನ, ಊಟದ ಪಡಸಾಲೆ ಸಾರಿಸಿ ಒಣಗಿದ ಮೇಲೆ, ಚಾಪೆ ಹಾಸಿದರು. ಭಟ್ಟರು, ಅಪ್ಪಯ್ಯ, ದಿನವೂ ಉಣ್ಣುತ್ತಿದ್ದ ಕೆಲವು ಹಿರಿಯರು, ಎದುರಿಗೆ ಸಂಪಾದಕರು. ಹೊರಗೆ ಜಗುಲಿಯ ಕಟ್ಟೆಯ ಮೇಲೆ ಕರೀಂ ಸಾಹೇಬರು. ನಾನು ಅಡಿಗೆಮನೆಯ ಬಾಗಿಲ ಹಿಂದೆ. ಭಟ್ಟರು ಪತ್ರಿಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅಕ್ಷರ ಬಿಡದೆ ಓದಿ ಬಂದಿದ್ದರು.

"ಇದು ನೀ ಬರದ್ದೇ ಅಲ್ದ?"

"ಹೌದು ಭಟ್ರೇ. ಆದ್ರೆ ಅದು ಕತೆ."

"ಕತೆನೇ ಇರ್ಲಿ. ಅಲ್ಲಿ ಅಡಿಗೆ ಮಾಡಿದ್ದು ಯಾರು?"

"ಚಂದ್ರಲೋಕದ ಒಂದು ಹೆಂಗಸು."

"ಮಿಂದಿತ್ತ?"

ಸಂಪಾದಕರು ತಬ್ಬಿಬ್ಬಾದರು. "ಮಿಂದಿಕ್ಕು" ಎಂದರು ಮೆಲ್ಲಗೆ.

"ಎಂತದ್ರಲ್ಲಿ ಮೀಯೂದು?" ಭಟ್ಟರು ಪುಟ ತಿರುವಿ ಬೆರಳಿಟ್ಟರು. "ಚಂದ್ರಲೋಕದಲ್ಲಿ ಒಂದು ಹನಿ ನೀರಿಲ್ಲೆ ಹೇಳಿ ನೀನೇ ಇಲ್ಲಿ ಬರದ್ದೆ."

ಸಂಪಾದಕರು ಇಂಗು ತಿಂದ ಮಂಗನ ಹಾಗೆ ಕುಳಿತರು. ಅಷ್ಟು ಕಾಲ ಪತ್ರಿಕೆ ನಡೆಸಿ, ಹಿಂದಿನ ಪುಟಕ್ಕೂ ಮುಂದಿನ ಪುಟಕ್ಕೂ ತಾಳೆ ಹಾಕಿ ಓದುವ ಓದುಗರೊಬ್ಬರು ಅವರಿಗೆ ಸಿಕ್ಕಿದ್ದು ಅದೇ ಮೊದಲು.

"ಹೋಗ್ಲಿ, ಸಂಧ್ಯಾವಂದನೆ?"

"ಅಲ್ಲಿ ತಿಂಗಳಿಗೆ ಒಂದೇ ಹಗಲು ಭಟ್ರೇ."

"ಹಂಗಾದ್ರೆ ತಿಂಗಳಿಗೆ ಒಂದಾದ್ರೂ ಮಾಡಿದ್ಯ, ಇಲ್ಯ?"

ಸಾಹೇಬರಿಗೆ ತಡೆಯಲಾಗಲಿಲ್ಲ. ಕಟ್ಟೆಯಿಂದಲೇ ಕೂಗಿದರು: "ಭಟ್ರೇ, ಚಿತ್ರದಾಗೆ ಇರೋ ಗಾಡಿ ನಮ್ದು. ಅರಬೈಲ ಘಟ್ಟ ಹತ್ತೂದ್ರಾಗೇ ಕೊಡಗಟ್ಟಲೆ ನೀರು ಕುಡೀತದೆ. ನೀರಿಲ್ಲದ ಊರಿಗೆ ಹ್ಯಾಂಗೆ ಹೋಗ್ತದೆ? ಖುದಾ ಕಸಮ್, ಗಾಡಿ ಆ ಘಟ್ಟ ದಾಟಿ ಹೋಗಿಲ್ಲ!"

"ಗಾಡಿ ಹೋಗಲ್ಲೆ ಹೇಳಿ ಒಪ್ಪಿದ್ದಿ ಸಾಹೇಬ್ರೇ. ಯಂಗ ಕೇಳ್ತಾ ಇಪ್ಪದು ಮಾಣಿ ವಿಷಯ" ಎಂದರು ಭಟ್ಟರು. ಆಮೇಲೆ ತೀರ್ಪು ಹೇಳಿದರು. ಇರುವುದು ಎರಡು ದಾರಿ. ಬರೆದದ್ದೆಲ್ಲ ಸುಳ್ಳು ಎಂದು ಮಾಣಿ ಮುಂದಿನ ಸಂಚಿಕೆಯಲ್ಲಿ ಅದೇ ಮೊಳೆಯಲ್ಲಿ ಅಚ್ಚು ಹಾಕಿಸಬೇಕು. ಅದಾಗದಿದ್ದರೆ ಹೋಗಿ ಉಂಡದ್ದಕ್ಕೆ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು. ಯಾವುದನ್ನು ಮಾಡಿದರೂ ಪಂಕ್ತಿಗೆ ಅಡ್ಡಿಯಿಲ್ಲ.

ಸಂಪಾದಕರ ಮುಖ ಅರಳಿತು. "ಅಷ್ಟೇ ಅಲ್ದ? ಅದೆಲ್ಲ ಸುಳ್ಳು ಹೇಳಿ ಈಗ್ಲೇ ಬರ್ದು ಕೊಡ್ತೆ" ಎಂದು ಕಿಸೆಯಿಂದ ಪೆನ್ನು ತೆಗೆದರು.

ಅಪ್ಪಯ್ಯ ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು. ಎಲ್ಲ ಸುಲಭವಾಗಿ ಮುಗಿದಿತ್ತು. ಮದುವೆಯೂ ಉಳಿಯಿತು, ಖಾನಾವಳಿಯೂ ಉಳಿಯಿತು. ನಾನು ಕುಣಿದಾಡಬೇಕಾಗಿತ್ತು. ಆದರೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹುಟ್ಟಿದ್ದು ಶಿರಸಿ, ಬೆಳೆದದ್ದು ಶಿರಸಿ. ಸಿದ್ದಾಪುರವನ್ನು ಅಲ್ಲಿಂದ ಬಂದವರು ಬಿಟ್ಟ ಎಂಜಲೆಲೆಯಲ್ಲಿ ಮಾತ್ರ ಕಂಡವಳು ನಾನು. ಈ ಅಡಿಗೆಮನೆ ಬಿಟ್ಟು ನಾನು ಹೋದ ಊರುಗಳೆಂದರೆ ಸಮುದ್ರದ ತಳದ ಕಚೇರಿ, ಮಂಗಳಗ್ರಹ, ಚಂದ್ರಲೋಕ, ಇವಿಷ್ಟೇ. ಕರೆದುಕೊಂಡು ಹೋದ ಮನುಷ್ಯನೇ ಈಗ ಪೆನ್ನಿನ ಮುಚ್ಚಳ ತೆಗೆದು, ಅವು ಯಾವುವೂ ಇಲ್ಲ ಎಂದು ಬರೆದುಕೊಡಲು ಹೊರಟಿದ್ದ.

"ಅದೆಲ್ಲ ಸುಳ್ಳು ಹೇಳಿ ಬರದ್ರೆ ಯಂಗೆ ಈ ಮದುವೆ ಬೇಡ!"

ಕೂಗಿದ್ದು ನಾನೇ ಎಂದು ತಿಳಿಯಲು ನನಗೇ ಒಂದು ಗಳಿಗೆ ಬೇಕಾಯಿತು. ಅತ್ತೆ ಮಡಿಯನ್ನೂ ಮರೆತು ನನ್ನ ರಟ್ಟೆ ಹಿಡಿದಳು. "ಎಂತಾ ಕೂಸೇ, ಮರುಳ ನಿಂಗೆ? ಚಂದ್ರಲೋಕಕ್ಕೆ ಹೋದಂವ ಆಗವನ ನಿಂಗೆ?"

"ಅಡ್ಡಿಲ್ಲೆ. ಹೋಗಿ ಬಂದಂವ ಆದ್ರೆ ಅಡ್ಡಿಲ್ಲೆ. ಸುಳ್ಳ ಆದ್ರೆ ಬೇಡ."

ನನ್ನ ಹಿಂದೆ ಒಲೆಯ ಮೇಲೆ ಬೇಳೆ ಹೊತ್ತಿತು. ಬಾಗಿಲ ಸಂದಿಯಿಂದ ನೋಡಿದೆ. ಸಂಪಾದಕರು ಈಚೆ ತಿರುಗಿದ್ದರು. ಕಿವಿಯವರೆಗೂ ಕೆಂಪೇರಿದ್ದರು. ಪೆನ್ನಿಗೆ ಮುಚ್ಚಳ ಹಾಕಿ ಕಿಸೆಗೆ ಸಿಕ್ಕಿಸಿಕೊಂಡರು.

"ಭಟ್ರೇ, ಆನು ಹೋಗಿದ್ದಿ" ಎಂದರು. "ಉಂಡಿದ್ದೂ ಹೌದು. ಪ್ರಾಯಶ್ಚಿತ್ತ ಮಾಡ್ಸಿ."

ಸಮುದ್ರ ದಾಟಿದವರಿಗೆ ಪ್ರಾಯಶ್ಚಿತ್ತವಿದೆ, ಆಕಾಶ ದಾಟಿದವರಿಗೆ ಯಾವ ಶಾಸ್ತ್ರದಲ್ಲೂ ಇಲ್ಲ. ಭಟ್ಟರು ತಲೆ ಕೆರೆದುಕೊಂಡು ಸಮುದ್ರದ್ದನ್ನೇ ಅಲ್ಲಲ್ಲಿ ತಿದ್ದಿದರು. ಸಂಕಲ್ಪದಲ್ಲಿ ಗೋತ್ರ, ನಕ್ಷತ್ರಗಳ ಸಂಗಡ ಚಂದ್ರಲೋಕ ಗಮನ, ಅಲ್ಲಿಯ ಅನ್ನ ಭೋಜನ ಎಂದು ಗಟ್ಟಿಯಾಗಿ, ಸ್ವರಬದ್ಧವಾಗಿ ಹೇಳಿದಾಗ ಸಂಪಾದಕರು ಬೀಗಿ ಹೋಗಿದ್ದರು. ಯಾವ ವಿಮರ್ಶಕನೂ ಅವರಿಗೆ ಅಷ್ಟು ಗೌರವ ಕೊಟ್ಟಿರಲಿಲ್ಲ. ಪಂಚಗವ್ಯ ಬಾಯಿಗೆ ಬಿದ್ದಾಗ ಮಾತ್ರ ಬೀಗಿದ್ದೆಲ್ಲ ಇಳಿಯಿತು. ಆ ಮುಖವನ್ನು ನೋಡಿ ನಾನು ಬಾಗಿಲ ಹಿಂದೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಂದಿನ ಊಟಕ್ಕೆ ಜಾಗ ಸಾಲಲಿಲ್ಲ. ಚಂದ್ರಲೋಕಕ್ಕೆ ಹೋಗಿ ಬಂದು ಶುದ್ಧನಾದ ಪ್ರಾಣಿ ಹೇಗಿರುತ್ತದೆ ಎಂದು ನೋಡಲು ಕೋರ್ಟಿನಲ್ಲಿ ಕೆಲಸವಿಲ್ಲದವರೂ ಬಂದಿದ್ದರು.

ಆದರೂ ಅಪ್ಪಯ್ಯನ ಮುಖ ತಿಳಿಯಾಗಿರಲಿಲ್ಲ. ಮಾಣಿ ಶುದ್ಧನಾಗಿದ್ದ ನಿಜ, ಗಂಡಸರ ಸಭೆಯಲ್ಲಿ ಬಾಯಿ ಮಾಡಿದ ಕೂಸಿಗೆ, ಅಂದರೆ ನನಗೆ, ಏನು ಪ್ರಾಯಶ್ಚಿತ್ತ? "ಮುಹೂರ್ತ?" ಎಂದು ಅಪ್ಪಯ್ಯ ಕೇಳಿದ್ದಕ್ಕೆ ಭಟ್ಟರು, "ಅದ್ನ ಆಮೇಲೆ ನೋಡನ" ಎಂದಷ್ಟೇ ಹೇಳಿ ಎದ್ದಿದ್ದರು. ಅವರು ಆಮೇಲೆ ನೋಡನ ಎಂದ ಎಷ್ಟೋ ಮದುವೆಗಳು ಆಗಿಯೇ ಇರಲಿಲ್ಲ. ಕೆಡಿಸಿದ್ದು ನನ್ನ ಬಾಯಿಯೇ ಎಂದು ನನಗೆ ಗೊತ್ತಿತ್ತು. ಕೊಡ ತೆಗೆದುಕೊಂಡು ಬಾವಿಕಟ್ಟೆಗೆ ಹೋದೆ.

ಬಚ್ಚಲ ಗೋಡೆಯ ಆಚೆ ಭಟ್ಟರು ಕೈ ತೊಳೆಯುತ್ತಿದ್ದರು. ನೀರು ಹಾಕುತ್ತಿದ್ದವರು ಸಂಪಾದಕರು. ನಾನು ಈಚೆ ಇದ್ದದ್ದು ಇಬ್ಬರಿಗೂ ಗೊತ್ತಿರಲಿಲ್ಲ. ಭಟ್ಟರು ಬಹಳ ಹೊತ್ತು ಕೈ ತೊಳೆದರು. ತಮ್ಮ ಊರು ಬಿಳಗಿಯಿಂದ ಶಿರಸಿ, ಶಿರಸಿಯಿಂದ ಬಿಳಗಿ, ಶ್ರಾದ್ಧಕ್ಕೊಮ್ಮೆ ಮದುವೆಗೊಮ್ಮೆ ನಡೆದು ಹಿಮ್ಮಡಿ ಒಡೆದ ಮನುಷ್ಯ. ಘಟ್ಟ ಇಳಿದು ಸಮುದ್ರ ಕಂಡವರೂ ಅಲ್ಲ.

"ಮಾಣಿ" ಎಂದರು ಸಣ್ಣ ದನಿಯಲ್ಲಿ. "ಒಂದು ಕೇಳ್ತೆ. ಅಲ್ಲಿಂದ ಬಿಳಗಿ ಕಾಣ್ತ?"

ತಂಬಿಗೆಯ ನೀರು ಬೀಳುವುದು ನಿಂತಿತು.

"ಕಾಣ್ತು ಭಟ್ರೇ. ಸಣ್ಣಕೆ. ನೀರಿದ್ದಲ್ಲಿ ಹೊಳೀತು."

"ಹೂಂ" ಎಂದರು ಭಟ್ಟರು. ಶಾಲಿನಿಂದ ಕೈ ಒರೆಸಿಕೊಂಡರು. "ಚಾತುರ್ಮಾಸ ಮುಗಿದ ಮೇಲೆ ಮೊದಲ್ನೇ ಮುಹೂರ್ತ ಹಿಡೀತೆ. ಕೂಸಿನ ಅಪ್ಪಂಗೆ ಹೇಳು."

ನಾನು ತುಂಬಿದ ಕೊಡ ಕೆಳಗಿಟ್ಟು, ಬಾವಿಯ ಕಂಬ ಹಿಡಿದುಕೊಂಡು ಸಂತೋಷಕ್ಕೆ ಅತ್ತೆ. ಸ್ವಲ್ಪ ಹೊಟ್ಟೆಕಿಚ್ಚಿಗೂ ಅತ್ತೆ. ಮದುವೆಯಾದರೆ ಮೊದಲು ಕೇಳಬೇಕೆಂದು ನಾನು ಇಟ್ಟುಕೊಂಡಿದ್ದ ಪ್ರಶ್ನೆ ಅದು, ನನ್ನದರಲ್ಲಿ ಬಿಳಗಿಯ ಬದಲು ಶಿರಸಿ ಇತ್ತು, ಅಷ್ಟೇ. ಮುದುಕ ನನಗಿಂತ ಮೊದಲೇ ಕೇಳಿಬಿಟ್ಟಿದ್ದ.